ಆನ್‌ಲೈನ್ ಹರಾಜಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್: ಇಎಂಡಿ (ಮುಂಗಡ ಠೇವಣಿ) ಕಟ್ಟೋ ಮುಂಚೆ ಏನು ನೋಡಬೇಕು?

ಕೇಳಿದವರು, ಸಿಂಧನೂರು: ಬ್ಯಾಂಕಿನವರು ಜಪ್ತಿ ಮಾಡಿದ ಎಲೆಕ್ಟ್ರಿಕ್ ಸ್ಕೂಟರ್ ಹರಾಜಿಗೆ ಬಂದಾವ ಅಂತ ವಾಟ್ಸಾಪಿನಾಗ ಲಿಂಕ್ ಬಂದದ. ಸವಾಲು 28,000ದಿಂದ ಶುರು. ಗಾಡಿ ಹೈದರಾಬಾದಿನ ಯಾರ್ಡಿನಾಗ ಅದ, ಇವತ್ತೇ 5,000 ಇಎಂಡಿ ಯುಪಿಐ ಮಾಡ್ರಿ ಅಂತಾರ. ಕಟ್ಟಬಹುದೇನ್ರಿ? ತಿಳಿದೋರು ಹೇಳ್ರಿ.

ಆರ್‌ಟಿಒ ಕಾಗದಪತ್ರ ಮಾಡಿಸೋರು, ರಾಯಚೂರು: ಈಗ ಕಟ್ಟಬ್ಯಾಡ್ರಿ. ಇಎಂಡಿ ಕೇಳೋದು ತಪ್ಪಲ್ಲ, ಖರೇ ಹರಾಜಿನಾಗೂ ಕೇಳ್ತಾರ. ಆದ್ರ ಆ ರೊಕ್ಕ ಸಂಸ್ಥೆಯ ಹೆಸರಿನ ಖಾತೆಗೆ ಇಲ್ಲಾ ಹರಾಜು ಪೋರ್ಟಲ್ಲಿನ ವ್ಯಾಲೆಟ್ಟಿಗೆ ಹೋಗ್ತದ, ಯಾರದೋ ಮೊಬೈಲ್ ನಂಬರಿಗಲ್ಲ. ನೋಟಿಸಿನಾಗ ಯಾರ್ಡಿನ ಪೂರ್ತಿ ವಿಳಾಸ, ಗಾಡಿ ನೋಡೋ ತಾರೀಖು, ಸವಾಲು ನಿಮಗ ನಿಲ್ಲದಿದ್ರ ಇಎಂಡಿ ಯಾವಾಗ ವಾಪಸ್ ಅನ್ನೋದು ಬರೆದಿರಬೇಕು. ಜಪ್ತಿ ಗಾಡಿ ಮಾರೋದು 'ಇದ್ದಲ್ಲಿ, ಇದ್ದ ಹಾಂಗ' ಅನ್ನೋ ಷರತ್ತಿನ ಮ್ಯಾಲೆ. ನಾಳೆ ತಕರಾರು ಬರಬಾರದಂತ ಖರೇ ಮಾರೋರೇ ಬಂದು ನೋಡ್ರಿ ಅಂತಾರ. 'ಫೋಟೋ ಸಾಕು, ಯಾರ್ಡಿನೊಳಗ ಬಿಡಂಗಿಲ್ಲ' ಅಂದ್ರ ಅಲ್ಲಿಗೇ ಬಿಟ್ಟುಬಿಡ್ರಿ.

ಲಿಂಕಿನಾಗಿರೋ ನಂಬರಿಗೇ ಫೋನ್ ಮಾಡಿ ವಿಚಾರಿಸಿದ್ರ ಉಪಯೋಗಿಲ್ಲ, ಎತ್ತೋನೂ ಅವನೇ. ನೋಟಿಸ್ ತಗೊಂಡು ಆ ಬ್ಯಾಂಕಿನ ನಿಮ್ಮೂರ ಶಾಖೆಗೆ ಹೋಗ್ರಿ.

ಗಾಡಿ ನಂಬರ್, ಚಾಸಿ ನಂಬರ್ ಎರಡೂ ಕೇಳ್ರಿ. ಎಂಪರಿವಾಹನ್ ಆ್ಯಪಿನಾಗ ಗಾಡಿ ನಂಬರ್ ಹಾಕಿದ್ರ ಮಾಡೆಲ್, ಇಂಧನ, ನೋಂದಣಿ ತಾರೀಖು, ವಿಮೆ ಕಾಣ್ತಾವ. ಇಂಧನದ ಕಡೆ ಎಲೆಕ್ಟ್ರಿಕ್ ಅಂತಿರಬೇಕು. ನೋಂದಣಿ ದಾಖಲೆಯಾಗ ಸಾಲ ಒಂದು ಕಂಪನಿಯದು, ಮಾರೋ ಬ್ಯಾಂಕು ಇನ್ನೊಂದು ಅಂತ ಬಂದ್ರ ಮುಂದ ಮಾತೇ ಬ್ಯಾಡ. ಫೋಟೋದಾಗಿನ ನಂಬರ್ ಪ್ಲೇಟೂ ನೋಡ್ರಿ: ಸ್ವಂತ ಬಳಕೆಯ ಇವಿಗೆ ಹಸಿರು ಪ್ಲೇಟಿನ ಮ್ಯಾಲೆ ಬಿಳಿ ಅಕ್ಷರ ಇರ್ತಾವ. ಹಳದಿ ಅಕ್ಷರ ಇದ್ರ ಅದು ಬಾಡಿಗೆಗೆ ಓಡಿದ ಗಾಡಿ, ಬ್ಯಾಟರಿ ಅಷ್ಟೇ ಸವೆದಿರ್ತದ.

ಬ್ಯಾಟರಿ ರಿಪೇರಿಯವರು, ಗಂಗಾವತಿ: ಮೇಲಿನವರು ಹೇಳಿದ್ದು ಸರಿ. ಆದರೆ ಹರಾಜು ಅಸಲಿಯಾದರೂ ಬ್ಯಾಟರಿಯಲ್ಲಿ ಪೆಟ್ಟು ತಿನ್ನುವವರೇ ಹೆಚ್ಚು. ಯಾರ್ಡಿಗೆ ಹೋಗುವಾಗ ಮಲ್ಟಿಮೀಟರ್ ಒಯ್ಯಿರಿ. ಪ್ಯಾಕಿನ ಮೇಲಿನ ಲೇಬಲ್ ಓದಿ. 13 ಸೀರೀಸಿನ (13 ಸೆಲ್ ಸಾಲಾಗಿ ಜೋಡಿಸಿದ) 48 ವೋಲ್ಟ್ ಎನ್‌ಎಂಸಿ (ಒಂದು ಬಗೆಯ ಲಿಥಿಯಂ) ಪ್ಯಾಕ್ ಫುಲ್ ಚಾರ್ಜಿಗೆ 54.6 ವೋಲ್ಟ್ ತೋರಿಸಬೇಕು. 16 ಸೀರೀಸಿನ ಎಲ್‌ಎಫ್‌ಪಿ (ಇನ್ನೊಂದು ಬಗೆಯ ಲಿಥಿಯಂ) ಪ್ಯಾಕಿನ ಚಾರ್ಜರ್ 58.4ಕ್ಕೆ ನಿಲ್ಲುತ್ತದೆ, ತೆಗೆದ ಮೇಲೆ ಸ್ವಲ್ಪ ಇಳಿಯುವುದು ಸಹಜ. ನಿಂತ ಗಾಡಿಯ ವೋಲ್ಟೇಜ್ ಮಾತ್ರ ನಂಬಬೇಡಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಓಡಿಸಿ. ಥ್ರಾಟಲ್ ತಿರುವಿದಾಗ 53 ಇದ್ದದ್ದು 45ಕ್ಕೆ ಜಾರಿ, ಬಿಟ್ಟ ತಕ್ಷಣ ಮತ್ತೆ 52ಕ್ಕೆ ಜಿಗಿದರೆ ಒಳಗೆ ಸೆಲ್‌ಗಳು ದಣಿದಿವೆ.

ತಿಂಗಳುಗಟ್ಟಲೆ ಬಿಸಿಲಲ್ಲಿ ನಿಂತ ಗಾಡಿಗೆ ಚಾರ್ಜರ್ ಹಚ್ಚಿ ದೀಪ ನೋಡಿ. ಸ್ವಿಚ್ ಹಾಕಿದ ಕೂಡಲೇ ಹಸಿರು ಬಂದರೆ 'ಫುಲ್ ಇದೆ ಸಾರ್' ಅನ್ನುತ್ತಾರೆ. ಬಹಳ ಸಲ ಅದರ ಅರ್ಥ ಪ್ಯಾಕ್ ಪೂರ್ತಿ ಬರಿದಾಗಿ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಕಟ್ ಆಗಿದೆ, ಕರೆಂಟ್ ಒಳಗೇ ಹೋಗುತ್ತಿಲ್ಲ ಅಂತ. ಆಗ ಮೀಟರ್ ಹಿಡಿದರೆ ನಿಜ ಗೊತ್ತಾಗುತ್ತದೆ. ಬಿಎಂಎಸ್ ಬಿಟ್ಟು ನೇರ ಚಾರ್ಜ್ ಕೊಟ್ಟು 'ಎಬ್ಬಿಸುತ್ತೇವೆ' ಅಂದರೆ ಒಪ್ಪಲೇಬೇಡಿ, ಅಂಥ ಪ್ಯಾಕ್ ಮನೆಯೊಳಗೆ ಬೆಂಕಿ ಹತ್ತಬಹುದು. ಲಿಥಿಯಂ ಅಂತ ಹೇಳಿ ಲೆಡ್ ಆ್ಯಸಿಡ್ ಇಟ್ಟವೂ ಇರುತ್ತವೆ. ಸೀಟ್ ಎತ್ತಿದಾಗ 12 ವೋಲ್ಟಿನ ನಾಲ್ಕೈದು ಡಬ್ಬಿ ಸಾಲಾಗಿ ತಂತಿ ಕಟ್ಟಿಸಿಕೊಂಡಿದ್ದರೆ ಅದೇ. ಸವಾಲಿನ ಮಿತಿ ಹಾಕಿಕೊಳ್ಳುವಾಗ ಹೊಸ ಬ್ಯಾಟರಿಯ ದರವನ್ನು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ ಅಷ್ಟನ್ನು ಕಳೆಯಿರಿ.

ಬಳ್ಳಾರಿಯಿಂದ: 'ನೋಂದಣಿ ಬೇಡ, ಲೈಸೆನ್ಸ್ ಬೇಡ' ಅಂತ ಬರೆದಿದ್ದರೆ ಹುಷಾರಾಗಿರಿ. ಆ ರಿಯಾಯಿತಿ ಇರೋದು ಮೋಟಾರ್ 250 ವ್ಯಾಟ್ ದಾಟದ, ವೇಗ ಗಂಟೆಗೆ 25 ಕಿ.ಮೀ. ಮೀರದ, ಮಾನ್ಯತೆ ಪಡೆದ ಮಾಡೆಲ್‌ಗೆ ಮಾತ್ರ. ಮೋಟಾರಿನ ಪ್ಲೇಟಲ್ಲಿ 250 ಅಂತ ಬರೆದು 45ರಲ್ಲಿ ಓಡೋ ಗಾಡಿಗೆ ಆಮೇಲೆ ನೋಂದಣಿ ಮಾಡಿಸೋಕೂ ಆಗಲ್ಲ.

ಗಂಗಾವತಿಯವರಿಗೆ ಒಂದು ಮಾತು: ಮೀಟರ್ ಹಿಡಿಯೋ ತನಕ ತಲುಪೋರೇ ಕಡಿಮೆ, ದುಡ್ಡು ಅದಕ್ಕೂ ಮುಂಚೆಯೇ ಹೋಗಿರುತ್ತೆ. 'ಸವಾಲು ನಿಮಗೇ ನಿಂತಿತು' ಅಂತ ಹೇಳಿ ಸಾಗಾಟ, ಜಿಎಸ್‌ಟಿ, ಗೇಟ್ ಪಾಸ್ ಅಂತ ಒಂದೊಂದೇ ಕೇಳ್ತಾರೆ, ಎಲ್ಲ 'ವಾಪಸ್ ಬರುತ್ತೆ' ಅಂತಾನೇ. ಮಾರೋನು ತಾನು ವರ್ಗಾವಣೆಯಾದ ಸೈನಿಕ ಅಂತ ಗುರುತಿನ ಚೀಟಿ ಕಳಿಸಿದರೂ ನಂಬಬೇಡಿ. ದುಡ್ಡು ವಾಪಸ್ ಬರೋಕೆ ಯುಪಿಐ ಪಿನ್ ಹಾಕೋದು ಎಲ್ಲೂ ಇಲ್ಲ. ಪಿನ್ ಒತ್ತಿದರೆ ನಿಮ್ಮ ಖಾತೆಯಿಂದಲೇ ಹೋಗುತ್ತೆ. ಈಗಾಗಲೇ ಕಳಿಸಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ವ್ಯವಹಾರದ ಯುಟಿಆರ್ ನಂಬರ್ (ದುಡ್ಡು ಕಳಿಸಿದ್ದರ ಗುರುತಿನ ಸಂಖ್ಯೆ) ಕೈಯಲ್ಲಿರಲಿ. ದುಡ್ಡು ಮುಂದಿನ ಖಾತೆಗೆ ದಾಟೋ ಮುಂಚೆ ತಡೆಹಿಡಿಯೋ ಅವಕಾಶ ಇರುತ್ತೆ. ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಲಿಖಿತ ದೂರು ಕೊಡಿ.

ಕೇಳಿದವರು: ನಂಬರ್ ಕೇಳಿದ್ದಕ್ಕ 'ಇಎಂಡಿ ಕಟ್ಟಿದ ಮ್ಯಾಲೇ ಕೊಡ್ತೀವಿ' ಅಂದ್ರು. ಲಿಂಕ್ ಬಿಟ್ಟೆ. ಮುಂದ ಖರೇ ಹರಾಜಿನಾಗ ತೆಲಂಗಾಣದ ಗಾಡಿ ಸಿಕ್ರ ಏನೇನು ಕಾಗದ ಬೇಕು?

ಆರ್‌ಟಿಒ ಕಾಗದಪತ್ರ ಮಾಡಿಸೋರು, ರಾಯಚೂರು: ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ (ತಕರಾರಿಲ್ಲ ಅನ್ನೋ ಪತ್ರ), ವರ್ಗಾವಣೆಗೆ 29 ಮತ್ತು 30, ಆರ್‌ಸಿಯಾಗಿನ ಸಾಲದ ನಮೂದು ತೆಗೆಸೋಕ 35 ಮತ್ತು ಬ್ಯಾಂಕಿನ ಪತ್ರ, ಹರಾಜಿನ ಮಾರಾಟ ಪತ್ರ, ಚಾಲ್ತಿ ವಿಮೆ. ಎನ್‌ಒಸಿ ಯಾರು ತರಬೇಕು, ಎಷ್ಟು ದಿನದಾಗ ಅನ್ನೋದನ್ನ ಸವಾಲು ಹಾಕೋ ಮುಂಚೆ ಬರವಣಿಗೆಯಾಗ ತಗೋರಿ. ಅದು ಇಲ್ಲದ ನಮ್ಮ ರಾಯಚೂರಿನ ಕೆಎ 36 ನಂಬರ್ ಬರಂಗಿಲ್ಲ. ಹುಬ್ಬಳ್ಳಿ, ಬೆಂಗಳೂರಿನ ಯಾರ್ಡಿನಾಗ ಕರ್ನಾಟಕದ ಗಾಡಿಯೇ ಸಿಕ್ರ ಈ ತಿರುಗಾಟ ಅಷ್ಟು ಕಡಿಮಿ.