ಸಹಾಯ ಬೇಕು: ನಮ್ಮೂರ ಮಡಕೆ ಶಾಲೆಗೆ ಹಳೆ ಹಂಚು, ಗಾರೆ ಮೇಸ್ತ್ರಿ

ಉಡುಪಿ ಹತ್ತಿರದ ನಮ್ಮೂರಲ್ಲಿ ಕುಂಬಾರರೆಲ್ಲ ಸೇರಿ ಕಟ್ಟಿದ ಹಳೆಯ ಮಡಕೆ ಶಾಲೆ ಇದೆ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು (ಚಾವಣಿ). ಕಳೆದ ಮಳೆಗಾಲದಲ್ಲಿ ಹಂಚು ಹೊರುವ ಮರದ ಪಕ್ಕಾಸು ಮುರಿದು, ಮಡಕೆ ತಿರುಗಿಸುವ ಎರಡು ತಿಗರಿ ಹಾಳಾದವು.

ಸಿಮೆಂಟ್ ಬಳಿದು ಶೀಟ್ ಹಾಕಿಸಿ ಅಂತ ಕಂಟ್ರಾಕ್ಟರ್ ಒಬ್ಬರು ಹೇಳಿದರು. ಬೇಡ ಅಂದೆವು. ಹಿಂದೊಮ್ಮೆ ಸಿಮೆಂಟ್ ಬಳಿದ ಗೋಡೆಯೇ ತೇವ ಹಿಡಿದು ಪುಡಿಯಾಗುತ್ತಿದೆ. ಕೆಂಪುಕಲ್ಲು ಉಸಿರಾಡಬೇಕು, ಅಲ್ವಾ? ಶೀಟಿನ ಬಿಸಿಗೆ ಹಸಿ ಮಡಕೆ ಬೇಗ ಒಣಗಿ ಬಿರುಕು ಬಿಡುತ್ತದೆ, ಅದು ಬೇರೆ.

ಸುಣ್ಣದ ಗಾರೆ ಬಲ್ಲ ಮೇಸ್ತ್ರಿ ಇದ್ದರೆ ತಿಳಿಸಿ. ಹಳೆ ಮನೆ ಕೆಡವುವವರು ಹಂಚನ್ನು ಸುಮ್ನೆ ಎಸೆಯಬೇಡಿ, ನಮಗೆ ಕೊಡಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರಲ್ಲ, ಅವರ ಮುದ್ರೆಯ ಕೆಲವು ಹಂಚು ನಮ್ಮ ಮಾಡಿನಲ್ಲಿ ಇನ್ನೂ ಗಟ್ಟಿಯಾಗಿವೆ. ಅದೇ ಅಳತೆಯವು ಬೇಕು. ಸಾಗಾಟ ನಮ್ಮದೇ. ಜೂನ್ ಮಳೆಗೆ ಮೊದಲು ಮಾಡು ಮುಗಿಯಬೇಕು, ದಯವಿಟ್ಟು ಬೇಗ ಮೆಸೇಜ್ ಮಾಡಿ.