ಅಪ್‌ಡೇಟ್: ಕಿಡ್ನಿ ಡಯಟ್ ಸಿಮ್ಯುಲೇಶನ್ ಪರೀಕ್ಷೆ ಪಾಸಾಯ್ತು!

ಕಿಡ್ನಿ ರೋಗಿಗಳ ಡಯಟ್ ಸ್ಪೆಷಲಿಸ್ಟ್ ಪರೀಕ್ಷೆಗೆ ತಯಾರಿ ಹೇಗೆ ಅಂತ ಕಾರವಾರದಿಂದ ಕೇಳಿದ್ದೆನಲ್ಲ, ಪಾಸಾದೆ. ಪರದೆ ಮೇಲೆ ರೋಗಿಯ ಕೇಸ್ ಬರುತ್ತದೆ. ಏನೇನು ವಿಚಾರಿಸಬೇಕು ಅಂತ ಮೊದಲು ಆರಿಸಬೇಕು, ಚಿಕಿತ್ಸೆ ಆಮೇಲೆ.

ಕೈ ಹಿಡಿದದ್ದು ಶಿರಸಿಯ ಅಕ್ಕನ ಸಲಹೆ: ಗೆಳತಿಯನ್ನೇ ರೋಗಿ ಮಾಡಿ, ಕೇಳಿದ್ದಕ್ಕಷ್ಟೇ ಉತ್ತರ ಕೊಡಲಿ. ರಕ್ತದಲ್ಲಿ ಪೊಟ್ಯಾಶಿಯಂ ಎಷ್ಟು ಅಂದರೆ "6.1" ಅನ್ನುತ್ತಿದ್ದಳು, ಅಂದ್ರೆ ಅಪಾಯದಷ್ಟು ಜಾಸ್ತಿ. ಅದನ್ನು ಏರಿಸುವ ಎಳನೀರನ್ನು ದಿನಾ ಕುಡಿಯುವ ವಿಷಯ? ಕೇಳದಿದ್ದರೆ ಬಾಯಿಯೇ ಬಿಡುತ್ತಿರಲಿಲ್ಲ! ಊಟದಲ್ಲಿನ ಫಾಸ್ಫರಸ್ ರಕ್ತಕ್ಕೆ ಸೇರದಂತೆ ತಡೆಯುವ ಮಾತ್ರೆ ಊಟದ ಜೊತೆ ನುಂಗುತ್ತೀರೋ, ಊಟವಾಗಿ ಎರಡು ತಾಸಿಗೋ ಅನ್ನುವುದೂ ಹಾಗೇ. ನಿಜವಾದ ರೋಗಿಗಳೂ ಇಷ್ಟೇ ಅಲ್ವಾ?

ಅಚ್ಚರಿ ಅಂದ್ರೆ, ಇರಲಿ ಅಂತ ಸುಮ್ನೆ ಎಲ್ಲ ಟೆಸ್ಟ್ ಆರಿಸಿದರೆ ಅಂಕ ಕಡಿತ. ಫ್ಲ್ಯಾಶ್‌ಕಾರ್ಡ್ ಬಾಯಿಪಾಠದಿಂದ ನನಗೆ ಜಾಸ್ತಿ ಉಪಯೋಗವಾಗಲಿಲ್ಲ. ಡಯಾಲಿಸಿಸ್ ಶುರುವಾದ ಮೇಲೆ ಪ್ರೋಟೀನ್ ಹೆಚ್ಚು ಬೇಕು, ಅದಕ್ಕೂ ಮೊದಲು ಕಡಿಮೆ. ಆ ಕೇಸ್‌ಗಳನ್ನು ಬೇರೆ ಬೇರೆಯಾಗಿಯೇ ಆಡಿ ನೋಡಿ.