ಒಂದು ಭರ್ತಿಗೆ ಕಟ್ಟಿಗೆ ಒಲೆ ಎಷ್ಟು ಹೊತ್ತು ಉರಿಯಬೇಕು? ಅನುಭವ ತಿಳಿಸಿ

ತಣ್ಣನೆ ಮನೆ:
ನಮ್ಮ ಕಟ್ಟಿಗೆ ಒಲೆಯ ಒಡಲು 60 ಲೀಟರಿನದು, ಹೊಗೆ ಉರಿಸುವ ಬಿಲ್ಲೆಯಿರುವ ಕ್ಯಾಟಲಿಟಿಕ್ ಬಗೆಯದಲ್ಲ. ಕೈಪಿಡಿಯ ಪ್ರಕಾರ ಒಂದು ಭರ್ತಿ 10 ಗಂಟೆ ಉರಿಯಬೇಕು. ಮಲಗುವ ಮುನ್ನ ತುಂಬಿ ಗಾಳಿಕಿಂಡಿಯನ್ನು ಬಹುಪಾಲು ಮುಚ್ಚಿದರೂ 5 ಗಂಟೆಯೊಳಗೆ ಕೋಣೆ ತಣ್ಣಗಾಗುತ್ತದೆ. ಕಟ್ಟಿಗೆ ಇದೇ ವರ್ಷ ಸೀಳಿದ ಓಕ್. ಇನ್ನೂ ದೊಡ್ಡ ಒಲೆ ತರಬೇಕೇ?

ಮಂದ ಉರಿ:
ನಡುರಾತ್ರಿ ಎದ್ದು ಕಟ್ಟಿಗೆ ಹಾಕುವುದು ಸಾಕಾಗಿಯೇ ನಾನು ಥರ್ಮೋಸ್ಟಾಟ್ ಇರುವ ಕ್ಯಾಟಲಿಟಿಕ್ ಒಲೆ ಕೂರಿಸಿದೆ. ಚಳಿ ಅಷ್ಟೇನೂ ಇಲ್ಲದ ದಿನಗಳಲ್ಲಿ ಒಂದೇ ಭರ್ತಿ 24 ಗಂಟೆ ದಾಟುತ್ತದೆ. ಸಾಮಾನ್ಯ ಒಲೆಯಲ್ಲಿ ಹೊಗೆ ಹೊತ್ತಿಕೊಳ್ಳಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬೇಕು. ಪ್ಲಾಟಿನಂ ಅಥವಾ ಪಲ್ಲೇಡಿಯಂ ಲೇಪಿಸಿದ ಬಿಲ್ಲೆಯ ರಂಧ್ರಗಳಲ್ಲಿ ಹಾದರೆ 260ರ ಆಸುಪಾಸಿನಲ್ಲೇ ಉರಿದುಹೋಗುವುದರಿಂದ, ಬೆಂಕಿಯನ್ನು ತಗ್ಗಿಸಿದರೂ ಚಿಮಣಿಗೆ ಮಸಿ ಏರುವುದು ಕಡಿಮೆ. ಖರ್ಚನ್ನು ಮುಚ್ಚಿಡುವುದಿಲ್ಲ. ಹಳೆಯ ಕೊಳವೆ 15 ಸೆಂಟಿಮೀಟರ್ ವ್ಯಾಸದ್ದು, ಹೊಸ ಒಲೆ ಕೇಳಿದ್ದು 20. ಹೀಗಾಗಿ ಒಳಕೊಳವೆ, ಚಾವಣಿಯ ತಗಡು, ತುದಿಯ ಟೋಪಿ ಮೂರೂ ಬದಲಾದವು. ಭಾರ ತಡೆಯಲು ನೆಲದಡಿಯ ತೊಲೆಗಳಿಗೆ ಆಸರೆ ಕೊಡಿಸಬೇಕಾಯಿತು. ಬಿಲ್ಲೆ 10,000 ಗಂಟೆಯಾದರೂ ಬಾಳಬೇಕಿತ್ತು, ಅದಕ್ಕೆ ಬಹಳ ಮುಂಚೆಯೇ ಬಿರುಕುಬಿಟ್ಟಿತು; ಹೊಸದು ಬರುವವರೆಗೆ ಒಲೆ ಹೊಗೆಯುಗುಳುವ ಪೆಟ್ಟಿಗೆಯಾಗಿತ್ತು. ಆದರೂ ಹಳೆಯದಕ್ಕೆ ಮರಳಲಾರೆ.

ಹೊಗೆಗೂಡು:
ತಗ್ಗಿಸಿದ ಬೆಂಕಿಯ ಹೊಗಳಿಕೆ ಓದಿದಾಗಲೆಲ್ಲ ನನಗೆ ರೇಗುತ್ತದೆ. ನಮ್ಮ ಒಲೆ ಕೂರಿಸಿದವರು "ರಾತ್ರಿ ಗಾಳಿ ಪೂರ್ತಿ ಮುಚ್ಚಿ, ಬೆಳಗಿನವರೆಗೆ ಚಿಂತೆಯಿಲ್ಲ" ಎಂದು ಹೇಳಿ ಹೋದರು. ಹಾಗೆ ಮುಚ್ಚಿದರೆ ಚಿಮಣಿಯೊಳಗಿನ ಹೊಗೆ 120 ಡಿಗ್ರಿಗಿಂತ ಕೆಳಗಿಳಿದು ಗೋಡೆಗೆ ಕ್ರಿಯೋಸೋಟ್ ಎಂಬ ಟಾರಿನಂಥ ಅಂಟಾಗಿ ಮೆತ್ತಿಕೊಳ್ಳುತ್ತದೆ ಎಂಬುದನ್ನು ಅವರು ಹೇಳಲಿಲ್ಲ. ಒಂದು ಸಂಜೆ ಜೋರಾಗಿ ಉರಿಸಿದಾಗ ಆ ಅಂಟಿಗೆ ಬೆಂಕಿ ಹತ್ತಿತು. ಮನೆ ಉಳಿಯಿತು, ಮಣ್ಣಿನ ಒಳಕೊಳವೆ ಉಳಿಯಲಿಲ್ಲ. ಚಾವಣಿಯ ಮೇಲಿನ ಇಟ್ಟಿಗೆ ಬಿಚ್ಚಿಸಿ, ಒಡೆದ ಚೂರುಗಳನ್ನು ಕೆಳಗಿನಿಂದ ಹೊರತೆಗೆಸಿ, ಉಷ್ಣನಿರೋಧಕ ಸುತ್ತಿದ ಸ್ಟೀಲ್ ಕೊಳವೆಯನ್ನು ಇಡೀ ಎತ್ತರಕ್ಕೆ ಇಳಿಸಿದೆವು. ಮತ್ತೆ ಗಾರೆ, ಮತ್ತೆ ಬಣ್ಣ, ಮತ್ತೆ ತಪಾಸಣೆ. ಒಲೆಗೆ ತೆತ್ತಿದ್ದಕ್ಕಿಂತ ಇದಕ್ಕೇ ಹೆಚ್ಚಾಯಿತು. ಈಗ 6 ಗಂಟೆ ಚೆನ್ನಾಗಿ ಉರಿಯುತ್ತದೆ, ಬೆಳಿಗ್ಗೆ ಕೆಂಡ ಮುಂದಕ್ಕೆಳೆದು ಒಣ ಸೀಳು ಇಟ್ಟರೆ ಹೊತ್ತಿಕೊಳ್ಳುತ್ತದೆ, ಅಷ್ಟೇ ಸಾಕು.

ಮಂದ ಉರಿ:
ನಿಮ್ಮದು ಕ್ಯಾಟಲಿಟಿಕ್ ಅಲ್ಲದ ಒಲೆ. ಅದರ ಕಥೆಯನ್ನು ನನ್ನ ಒಲೆಗೆ ಏಕೆ ಅಂಟಿಸುತ್ತೀರಿ?

ಇಟ್ಟಿಗೆ ಒಲೆ:
ಇಬ್ಬರೂ ಬೆಂಕಿಯನ್ನು ಎಳೆಯುವುದರಲ್ಲೇ ಇದ್ದೀರಿ. ನಮ್ಮದು ಟನ್ನುಗಟ್ಟಲೆ ಇಟ್ಟಿಗೆಯ ಶಾಖಸಂಗ್ರಹ ಒಲೆ. ಗಾಳಿಯನ್ನು ಧಾರಾಳವಾಗಿ ಬಿಟ್ಟು ಎರಡು ಗಂಟೆಯೊಳಗೆ ಭರ್ತಿಯನ್ನು ಉರಿಸಿ ಮುಗಿಸುತ್ತೇವೆ. ಆ ಶಾಖವನ್ನು ಇಟ್ಟಿಗೆ ಮರುದಿನದವರೆಗೆ ಬಿಡುತ್ತದೆ. ಅದಕ್ಕೆ ಬೇರೆಯದೇ ಅಡಿಪಾಯ ಹಾಕಿಸಿದ್ದೂ, ಗಾರೆ ಒಣಗಲು ವಾರಗಟ್ಟಲೆ ಕಾದದ್ದೂ, ಮೊದಲ ಚಳಿಗಾಲದ ಅರ್ಧ ತಣ್ಣನೆಯ ಮನೆಯಲ್ಲಿ ಕಳೆದದ್ದೂ ನಿಜ. ಅಷ್ಟು ಮಾಡಿಸಿದ ಮೇಲೆ "ಎಷ್ಟು ಹೊತ್ತು ಉರಿಯುತ್ತದೆ" ಎಂಬ ಪ್ರಶ್ನೆಯೇ ನಮ್ಮ ಮನೆಯಲ್ಲಿ ಏಳುವುದಿಲ್ಲ.

ತಕ್ಕಡಿ:
ಏಳಬೇಕಾದ ಪ್ರಶ್ನೆ ಎಷ್ಟು ಕಿಲೋ ಎಂಬುದು, ಅದನ್ನು ಯಾರೂ ಹೇಳುತ್ತಿಲ್ಲ. ನಾನು ಪ್ರತಿ ಭರ್ತಿಯನ್ನೂ ತೂಗುತ್ತೇನೆ. ಶೇಕಡಾ 20ರಷ್ಟು ತೇವವಿರುವ ಕಟ್ಟಿಗೆಯ ಒಂದು ಕಿಲೋದಲ್ಲಿ ಸುಮಾರು 4 ಕಿಲೋವಾಟ್ ಗಂಟೆ ಶಕ್ತಿಯಿದೆ. 15 ಕಿಲೋ ತುಂಬಿದರೆ 60. ಒಲೆಯ ದಕ್ಷತೆ ಶೇಕಡಾ 75 ಆದರೆ ಮನೆಗೆ ದಕ್ಕುವುದು 45. ಅದನ್ನು 9 ಗಂಟೆಗೆ ಹಂಚಿದರೆ 5 ಕಿಲೋವಾಟ್, 24 ಗಂಟೆಗೆ ಎಳೆದರೆ 2 ಕಿಲೋವಾಟ್ ಕೂಡ ಬರುವುದಿಲ್ಲ. ಕ್ಯಾಟಲಿಟಿಕ್ ಒಲೆಯವರು ಸೆಖೆಯ ದಿನದ ಗಂಟೆಗಳನ್ನು ಹೇಳಿ, ಕೊರೆಯುವ ದಿನ ಎಷ್ಟು ಸಲ ತುಂಬಿದಿರೆಂಬುದನ್ನು ನುಂಗಿಬಿಡುತ್ತೀರಿ.

ಮಂದ ಉರಿ:
ಸೆಖೆ ಎಂದು ನಾನು ಎಲ್ಲಿಯೂ ಬರೆದಿಲ್ಲ. ಕೊರೆಯುವ ಚಳಿಯಲ್ಲಿ ನಾನೂ 10–12 ಗಂಟೆಗೊಮ್ಮೆ ತುಂಬುತ್ತೇನೆ. ಬೇಡವಾದಾಗ ತಗ್ಗಿಸಬಲ್ಲೆ, ಬೇಕಾದಾಗ ಏರಿಸಬಲ್ಲೆ ಎಂಬುದಕ್ಕೇ ಹಣ ಕೊಟ್ಟದ್ದು. ಮಾಪನ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನೂ ಹೇಳಿ: ನೀವು ಜ್ವಾಲೆ ಆರುವವರೆಗೆ ಎಣಿಸುತ್ತೀರೋ, ಕೆಂಡದಿಂದ ಮತ್ತೆ ಹೊತ್ತಿಸಬಹುದಾದ ಹೊತ್ತಿನವರೆಗೋ? ಕೈಪಿಡಿ ಬರೆಯುವವರಿಗೆ ಎರಡನೆಯದೇ ಲಾಭ.

ತಕ್ಕಡಿ:
ಕೋಣೆಯ ಉಷ್ಣತೆ ಇಳಿಯತೊಡಗುವವರೆಗೆ. ಉಳಿದದ್ದು ಜಾಹೀರಾತು.

ಹೊಗೆಗೂಡು:
ತಕ್ಕಡಿಯವರ ಲೆಕ್ಕ ಒಣ ಕಟ್ಟಿಗೆಗೆ ಮಾತ್ರ ಸರಿ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು, ಅದನ್ನು ಆವಿಯಾಗಿಸಲು ಹೋಗುವ ಶಾಖ ಕೋಣೆಗೆ ಬರುವುದಿಲ್ಲ. ಓಕ್ ಸೀಳಿಟ್ಟರೂ ಎರಡು ವರ್ಷವಾದರೂ ಬೇಕು. ನಮ್ಮ ಚಿಮಣಿಗೆ ಅಂಟಿದ್ದೂ ಅಂಥದೇ ಓಕಿನ ಹೊಗೆ. "ಒಣಗಿದೆ" ಎಂದು ಮಾರಿದವರು ಸೀಳಿನ ಹೊರಮೈಗೆ ತೇವಮಾಪಕ ಚುಚ್ಚಿ ತೋರಿಸಿದ್ದರು. ಹೊಸದಾಗಿ ಸೀಳಿದ ಒಳಮೈಗೆ ಚುಚ್ಚಿದಾಗ ಮಾಪಕ 20 ಅಲ್ಲ, 30 ದಾಟಿತು.

ಇಟ್ಟಿಗೆ ಒಲೆ:
ಕೇಳಿದವರು ಬಾಗಿಲಿನ ಅಂಚಿನಲ್ಲಿ ಗಾಳಿ ತಡೆಯುವ ಹಗ್ಗದ ಗ್ಯಾಸ್ಕೆಟ್ಟನ್ನೂ ನೋಡಲಿ. ಕಾಗದದ ಚೂರನ್ನು ಸಿಕ್ಕಿಸಿ ಬಾಗಿಲು ಮುಚ್ಚಿದಾಗ ಅದು ಎಳೆದಾಗ ಸಲೀಸಾಗಿ ಬಂದರೆ, ಕಿಂಡಿ ಮುಚ್ಚಿಯೂ ಪ್ರಯೋಜನವಿಲ್ಲ. ದೊಡ್ಡ ಒಲೆಗೂ ಅದೇ ಓಕ್ ತುಂಬುವುದಾದರೆ ಕೊಳ್ಳಬೇಡಿ.

ಮಂದ ಉರಿ:
ಇಷ್ಟು ಹೊತ್ತು ಅಡಿಪಾಯದ ಕಥೆ ಹೇಳಿದವರು ಈಗ ಕೊಳ್ಳಬೇಡಿ ಎನ್ನುತ್ತಿದ್ದಾರೆ.